ರೈನ್ ಕಣಿವೆಯ ಕೋಟೆಗಳು: ಒಂದು ದಿನದಲ್ಲಿ ಎಷ್ಟು ನೋಡಬಹುದು?

ಪ್ರಶ್ನೆ: ನಾನು ಫ್ರಾಂಕ್‌ಫರ್ಟ್‌ನಲ್ಲಿ ಕೆಲಸದಲ್ಲಿದ್ದೇನೆ. ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ. ಅಪ್ಪನಿಗೆ ಎಪ್ಪತ್ತೊಂದು ವರ್ಷ, ನಡೆಯಲು ತೊಂದರೆಯಿಲ್ಲ, ಅಮ್ಮನಿಗೆ ಮಂಡಿನೋವು. ಒಂಬತ್ತು ವರ್ಷದ ಮಗನೂ ಜೊತೆಗಿರುತ್ತಾನೆ. ಬೆಳಿಗ್ಗೆ ಹೊರಟು ರಾತ್ರಿಯೊಳಗೆ ಮನೆಗೆ ಮರಳುವಂತೆ ರೈನ್ ನದಿಯ ದಂಡೆಯ ಐದಾರು ಕೋಟೆಗಳನ್ನು ತೋರಿಸಬೇಕೆಂದಿದ್ದೇನೆ. ಯಾವುದನ್ನು ಆರಿಸಲಿ? ಸುಸ್ಥಿತಿಯಲ್ಲಿರುವುದನ್ನು ನೋಡುವುದೋ, ಪಾಳುಬಿದ್ದದ್ದನ್ನೋ? ‘ಚಿತ್ರದುರ್ಗ ನೋಡಿದವನಿಗೆ ಇಲ್ಲಿ ಇನ್ನೇನಿದೆ’ ಎಂಬುದು ಅಪ್ಪನ ತಕರಾರು. ಅದಕ್ಕೂ ಒಂದು ಉತ್ತರ ಬೇಕು.

ಉತ್ತರ: ಐದಾರು ಕೋಟೆಗಳನ್ನು ಖಂಡಿತ ನೋಡಬಹುದು, ಆದರೆ ಒಳಗೆ ಕಾಲಿಡುವುದು ಒಂದೇ ಕೋಟೆಗೆ ಎಂದು ಮೊದಲೇ ನಿಶ್ಚಯಿಸಿಕೊಳ್ಳಿ. ಉಳಿದವನ್ನು ಹಡಗಿನ ಮೇಲಿಂದ, ರೈಲಿನ ಕಿಟಕಿಯಿಂದ ನೋಡಿದರೆ ಸಾಕು. ಸಾಕು ಎನ್ನುವುದಕ್ಕಿಂತ, ಅವುಗಳನ್ನು ಕಟ್ಟಿದವರೇ ನದಿಯಲ್ಲಿ ಹೋಗುವವರ ಕಣ್ಣಿಗೆ ಬೀಳಲೆಂದು ಕಟ್ಟಿದ್ದರಿಂದ ಅಲ್ಲಿಂದ ನೋಡುವುದೇ ಸರಿ. ಪ್ರತಿ ಕೋಟೆಗೂ ಊರಿನಿಂದ ಅರ್ಧ ಗಂಟೆಯ ಏರು, ಒಳಗೆ ಒಂದೂವರೆ ಗಂಟೆ, ಇಳಿಯಲು ಮತ್ತಷ್ಟು ಹೊತ್ತು, ಆಮೇಲೆ ಮುಂದಿನ ರೈಲಿಗಾಗಿ ಕಾಯುವುದು. ಇಷ್ಟನ್ನು ಲೆಕ್ಕ ಹಾಕಿದರೆ ಎರಡನೆಯ ಕೋಟೆಗೆ ಹೋಗುವ ಹೊತ್ತಿಗೆ ನಿಮ್ಮ ತಾಯಿಯವರ ಮಂಡಿಯೂ ಮಗನ ತಾಳ್ಮೆಯೂ ಮುಗಿದಿರುತ್ತವೆ. ಇಲ್ಲಿಗೆ ಬಂದ ಹೊಸದರಲ್ಲಿ ನಾನೂ ಒಂದೇ ದಿನ ಮೂರು ಕೋಟೆ ಹತ್ತಿದ್ದೆ. ಮೂರನೆಯದರಲ್ಲಿ ಈಗ ನನಗೆ ನೆನಪಿರುವುದು ಟಿಕೆಟ್ ಕೌಂಟರಿನ ಪಕ್ಕದ ಮರದ ಬೆಂಚು ಮಾತ್ರ.

ಬಿಂಗೆನ್‌ನಿಂದ ಕೋಬ್ಲೆಂತ್ಸ್‌ವರೆಗೆ ಸುಮಾರು 65 ಕಿಲೋಮೀಟರ್ ಉದ್ದದ ಈ ಕಣಿವೆಯನ್ನು ಯುನೆಸ್ಕೊ 2002ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಷ್ಟರಲ್ಲೇ ಸುಮಾರು ನಲವತ್ತು ಕೋಟೆಗಳಿವೆ. ಇಷ್ಟು ಒತ್ತಾಗಿ ಏಕೆ ಎಂದರೆ, ಉತ್ತರ ಒಂದೇ ಪದದಲ್ಲಿದೆ: ಸುಂಕ. ಮಧ್ಯಯುಗದಲ್ಲಿ ಭಾರವಾದ ಸರಕೆಲ್ಲ ನದಿಯ ಮೇಲೆಯೇ ಸಾಗುತ್ತಿತ್ತು, ಮತ್ತು ನದಿಯ ಎರಡೂ ದಂಡೆಗಳು ಮೈಂತ್ಸ್, ಟ್ರಿಯರ್, ಕಲೋನ್‌ಗಳ ಆರ್ಚ್‌ಬಿಷಪ್ಪರು, ಪ್ಯಾಲಟಿನೇಟ್ ಸೀಮೆಯ ದೊರೆಗಳು, ಇವರ ನಡುವೆ ಸಿಕ್ಕಷ್ಟು ಬಾಚಿಕೊಂಡ ಸಣ್ಣಪುಟ್ಟ ಪಾಳೆಯಗಾರರು ಎಂದು ಹತ್ತಾರು ಕೈಗಳಲ್ಲಿ ಹರಿದು ಹಂಚಿಹೋಗಿದ್ದವು. ಒಬ್ಬನ ಗಡಿ ದಾಟಿದರೆ ಇನ್ನೊಬ್ಬನ ಸುಂಕದ ಕಟ್ಟೆ. ಸುಂಕದವನ ಹತ್ತಿರ ಸುಖ ದುಃಖ ಹೇಳಿಕೊಳ್ಳಬಾರದೆಂಬ ನಮ್ಮ ಗಾದೆ ಆ ಕಾಲದ ರೈನ್ ವರ್ತಕರಿಗೆ ವಿವರಣೆಯಿಲ್ಲದೆ ಅರ್ಥವಾಗುತ್ತಿತ್ತು. ಮೇಲೆ ಕಾಣುವ ಗೋಪುರದ ಕೆಲಸ ಯುದ್ಧ ಮಾಡುವುದಕ್ಕಿಂತ ಹೆಚ್ಚಾಗಿ, ಕೆಳಗಿನ ಕಟ್ಟೆಯಲ್ಲಿ ಹಣ ಎಣಿಸುವವನಿಗೆ ಬೆನ್ನಿಗೆ ನಿಲ್ಲುವುದಾಗಿತ್ತು.

ನಿಮ್ಮ ಎರಡನೆಯ ಪ್ರಶ್ನೆಗೆ, ಅಂದರೆ ಸುಸ್ಥಿತಿಯದೋ ಪಾಳುಬಿದ್ದದ್ದೋ ಎಂಬುದಕ್ಕೆ ಬರೋಣ. ಇಲ್ಲಿನ ಕೋಟೆಗಳಲ್ಲಿ ಮೂರು ಜಾತಿಗಳಿವೆ, ಮತ್ತು ಪ್ರವಾಸಿಗಳ ನಿರಾಸೆಯಲ್ಲಿ ಬಹುಪಾಲು ಈ ಜಾತಿಗಳನ್ನು ಗುರುತಿಸದೆ ಹೋಗುವುದರಿಂದಲೇ ಹುಟ್ಟುತ್ತದೆ. ಮೊದಲನೆಯದು ಎಂದೂ ಕೆಡವಲ್ಪಡದ ಮೂಲ ಕೋಟೆ. ಮಧ್ಯ ರೈನ್‌ನ ಗುಡ್ಡದ ಕೋಟೆಗಳಲ್ಲಿ ಈ ಹೆಗ್ಗಳಿಕೆ ಬ್ರೌಬಾಖ್ ಊರಿನ ಮೇಲಿರುವ ಮಾರ್ಕ್ಸ್‌ಬುರ್ಗ್ ಒಂದಕ್ಕೇ ಸೇರಿದ್ದು. ಎರಡನೆಯದು ಪಾಳುಕೋಟೆ. ಇವುಗಳಲ್ಲಿ ಹಲವನ್ನು 1689ರಲ್ಲಿ ಹದಿನಾಲ್ಕನೆಯ ಲೂಯಿಯ ಫ್ರೆಂಚ್ ಸೈನ್ಯ ಸಿಡಿಮದ್ದಿಟ್ಟು ಉಡಾಯಿಸಿತು. ಮೂರನೆಯದು ಹಾಗೆ ಬಿದ್ದದ್ದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಉತ್ತರ ಜರ್ಮನಿಯ ಪ್ರಷ್ಯ ರಾಜ್ಯದ ರಾಜಕುಮಾರರು ತಮ್ಮ ಕನಸಿನ ಮಧ್ಯಯುಗಕ್ಕೆ ತಕ್ಕಂತೆ ಎತ್ತಿ ನಿಲ್ಲಿಸಿದ್ದು. 1815ರ ನಂತರ ಇಲ್ಲಿ ನದಿಯ ಎಡದಂಡೆ ಪ್ರಷ್ಯದ ಪಾಲಾಯಿತು. 1820ರ ದಶಕದಲ್ಲಿ ರಾಜಕುಮಾರ ಫ್ರೀಡ್ರಿಖ್ ರೈನ್‌ಷ್ಟೈನ್ ಕೋಟೆಯನ್ನು ಮತ್ತೆ ಕಟ್ಟಿಸಿದ ಮೇಲೆ ಅದೊಂದು ಹುಚ್ಚಿನಂತೆ ಹಬ್ಬಿತು. ಕೋಬ್ಲೆಂತ್ಸ್ ಬಳಿಯ ಷ್ಟೋಲ್ತ್ಸೆನ್‌ಫೆಲ್ಸ್ ಇದರ ಪರಾಕಾಷ್ಠೆ. ಅಲ್ಲಿ ನೆಲಹಾಸು ಸವೆಯದಿರಲೆಂದು ನಿಮ್ಮ ಬೂಟಿನ ಮೇಲೆಯೇ ಮೆತ್ತನೆಯ ಉಣ್ಣೆಯ ಚಪ್ಪಲಿ ಹಾಕಿಸುತ್ತಾರೆ, ಮತ್ತು ಮಕ್ಕಳು ಆ ಚಪ್ಪಲಿಯಲ್ಲಿ ಜಾರುತ್ತಾ ಇತಿಹಾಸವನ್ನೆಲ್ಲ ಮರೆಯುತ್ತಾರೆ. ಜರ್ಮನ್ನರು ‘ಬುರ್ಗ್’ ಮತ್ತು ‘ಷ್ಲೋಸ್’ ಎಂದು ಎರಡು ಪದಗಳನ್ನು ಇಟ್ಟುಕೊಂಡಿದ್ದಾರೆ. ನಮ್ಮ ಕೋಟೆ ಮತ್ತು ಅರಮನೆಯಂತೆ. ಪ್ರಷ್ಯದವರು ಕಟ್ಟಿಸಿದವು ಕೋಟೆಯ ವೇಷ ತೊಟ್ಟ ಅರಮನೆಗಳು. ಅವುಗಳನ್ನು ನಾನು ಹಳಿಯುತ್ತಿಲ್ಲ, ಆದರೆ ಮಧ್ಯಯುಗ ಹೇಗಿತ್ತೆಂದು ತಿಳಿಯಲು ಅಲ್ಲಿಗೆ ಹೋಗಬೇಡಿ.

ನಿಮ್ಮ ಕುಟುಂಬಕ್ಕೆ ನಾನು ಸೂಚಿಸುವುದು ಪಾಳುಕೋಟೆಯನ್ನೇ: ಸಾಂಕ್ಟ್ ಗೋವಾರ್ ಊರಿನ ಮೇಲಿರುವ ರೈನ್‌ಫೆಲ್ಸ್. ಮಾರ್ಕ್ಸ್‌ಬುರ್ಗ್ ಹೆಚ್ಚು ಪೂರ್ಣವಾಗಿದೆ, ನಿಜ. ಆದರೆ ಅಲ್ಲಿ ಮಾರ್ಗದರ್ಶಕರ ಜೊತೆಯಲ್ಲಷ್ಟೇ ಒಳಗೆ ಬಿಡುತ್ತಾರೆ, ಒಂದು ಗುಂಪಿನ ವೇಗಕ್ಕೆ ಸರಿಯಾಗಿ ನಡೆಯಬೇಕಾಗುತ್ತದೆ, ಮತ್ತು ಬಾಗಿಲು ದಾಟಿದ ಕೂಡಲೇ ಎದುರಾಗುವುದು ಬಂಡೆಯಲ್ಲೇ ಕಡಿದ, ಒಂದೊಂದೂ ಒಂದೊಂದು ಎತ್ತರದ ಮೆಟ್ಟಿಲುಗಳ ಸಾಲು. ಕುದುರೆ ಸವಾರರಿಗಾಗಿ ಮಾಡಿದ ಆ ದಾರಿ ಮಂಡಿನೋವಿನವರಿಗೆ ಹೇಳಿ ಮಾಡಿಸಿದ್ದಲ್ಲ. ರೈನ್‌ಫೆಲ್ಸ್‌ನಲ್ಲಾದರೋ ವಾಹನ ಹೆಬ್ಬಾಗಿಲಿನ ಸಮೀಪದವರೆಗೆ ಹೋಗುತ್ತದೆ, ಪಕ್ಕದ ಹೋಟೆಲಿನ ಜಗುಲಿಯಲ್ಲಿ ಕುಳಿತರೆ ಇಡೀ ನದಿ ಕಾಣುತ್ತದೆ, ಒಳಗೆ ಹೋದವರು ತಮ್ಮ ಪಾಡಿಗೆ ತಾವು ಸುತ್ತಾಡಬಹುದು.

ದಿನವನ್ನು ಹೀಗೆ ಜೋಡಿಸಿಕೊಳ್ಳಿ. ಬೆಳಿಗ್ಗೆ ಬೇಗ ಹೊರಟು, ಮೈಂತ್ಸ್‌ನಲ್ಲಿ ರೈಲು ಬದಲಿಸಿ, ನದಿಯ ಎಡದಂಡೆಯ ಬಾಖರಾಖ್‌ನಲ್ಲಿ ಇಳಿಯಿರಿ. ಮೈಂತ್ಸ್‌ನಿಂದ ಮುಂದೆ ರೈಲಿನ ಬಲಬದಿಯ ಕಿಟಕಿ ಹಿಡಿಯುವುದು ಕಡ್ಡಾಯ, ಏಕೆಂದರೆ ಬಿಂಗೆನ್ ದಾಟಿದ ಮೇಲೆ ನದಿ ಆ ಬದಿಗೆ ಅಂಟಿಕೊಂಡೇ ಬರುತ್ತದೆ. ಬಾಖರಾಖ್‌ನ ಮುಖ್ಯ ಬೀದಿ ಸಮತಟ್ಟಾಗಿದೆ. ತಾಯಿಯವರು ನಿಧಾನವಾಗಿ ನಡೆಯಬಹುದು. ಅಲ್ಲಿ 1368ರ ‘ಹಳೆಯ ಮನೆ’ ಎಂಬ ಮರದ ಚೌಕಟ್ಟಿನ ಮನೆ ಇದೆ. ಅದರ ಹಿಂದೆ ಗುಡ್ಡದ ಅರ್ಧದಲ್ಲಿ ಛಾವಣಿಯಿಲ್ಲದ ಒಂದು ಕೆಂಪು ಕಲ್ಲಿನ ಪ್ರಾರ್ಥನಾಲಯ ಕಾಣುತ್ತದೆ. ಅಂದದ ಫೋಟೊ ಬರುತ್ತದೆಂದು ಎಲ್ಲರೂ ಅದರೆದುರು ನಿಲ್ಲುತ್ತಾರೆ. 1287ರಲ್ಲಿ ವೆರ್ನರ್ ಎಂಬ ಹುಡುಗನ ಸಾವಿನ ಹೊಣೆಯನ್ನು ಯಹೂದಿಗಳ ಮೇಲೆ ಸುಳ್ಳಾಗಿ ಹೊರಿಸಿ, ದಂಡೆಯುದ್ದಕ್ಕೂ ಅವರನ್ನು ಕೊಂದ ಘಟನೆಯ ಬೆನ್ನಲ್ಲೇ ಅದು ಎದ್ದಿತೆಂಬುದನ್ನು ತಿಳಿದು ನಿಂತರೆ ಒಳ್ಳೆಯದು. ಅದು ಪಾಳುಬಿದ್ದದ್ದು ಮೇಲಿನ ಷ್ಟಾಲೆಕ್ ಕೋಟೆಯನ್ನು 1689ರಲ್ಲಿ ಉಡಾಯಿಸಿದಾಗ ಕಲ್ಲುಗಳು ಉರುಳಿ ಬಿದ್ದುದರಿಂದ. ಷ್ಟಾಲೆಕ್ ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಎದ್ದು ಈಗ ಯುವಜನರ ವಸತಿಗೃಹವಾಗಿದೆ. ಮುಂದೆಂದಾದರೂ ಕೋಟೆಯಲ್ಲೇ ರಾತ್ರಿ ಮಲಗಬೇಕೆಂದು ಮಗ ಹಟ ಹಿಡಿದರೆ ಅಲ್ಲಿಗೆ ಕರೆದೊಯ್ಯಬಹುದು, ದರವೂ ಕೈಗೆಟುಕುವಂಥದ್ದು.

ಬಾಖರಾಖ್‌ನಿಂದ ಸಾಂಕ್ಟ್ ಗೋವಾರ್‌ಗೆ ಹಡಗಿನಲ್ಲಿ ಹೋಗಿ. ನದಿ ಹರಿಯುವ ದಿಕ್ಕಿನಲ್ಲೇ ಹೋಗುವುದರಿಂದ ಒಂದು ಗಂಟೆಯೊಳಗೆ ತಲುಪುತ್ತೀರಿ. ಇದೇ ದಾರಿಯನ್ನು ಹರಿವಿಗೆ ಎದುರಾಗಿ ಹೋದರೆ ಸಮಯ ಎದ್ದು ಕಾಣುವಷ್ಟು ಹೆಚ್ಚು ಹಿಡಿಯುತ್ತದೆ. ಆದ್ದರಿಂದ ಹೋಗುವಾಗ ಹಡಗು, ಬರುವಾಗ ರೈಲು. ಇದನ್ನು ತಿರುವು ಮುರುವು ಮಾಡಬೇಡಿ. ದಂಡೆಯಲ್ಲಿ ದೊಡ್ಡ ಬಿಳಿ ಹಲಗೆಗಳ ಮೇಲೆ ಕಪ್ಪು ಅಂಕಿಗಳಿರುತ್ತವೆ. ಅವು ಕಾನ್‌ಸ್ಟಾನ್ಸ್ ಊರಿನ ಸೇತುವೆಯಿಂದ ಎಣಿಸಿದ ಕಿಲೋಮೀಟರ್‌ಗಳು. ಬಾಖರಾಖ್ 543, ಕೌಬ್ 546, ಲೋರೆಲೈ ಬಂಡೆ 554, ಸಾಂಕ್ಟ್ ಗೋವಾರ್ 556. ಈ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಮಗನ ಕೈಗೆ ಕೊಟ್ಟರೆ ಹಡಗಿನ ಹೊತ್ತೆಲ್ಲ ಅವನದೇ ಮೇಲುಸ್ತುವಾರಿಯಾಗುತ್ತದೆ.

546ರ ಹಲಗೆ ಬರುವಾಗ ಎಲ್ಲರನ್ನೂ ಬಲಬದಿಗೆ ಕರೆಯಿರಿ. ನದಿಯ ನಡುವಿನ ಬಂಡೆಯ ಮೇಲೆ, ಹರಿವಿಗೆ ಮೂತಿಯೊಡ್ಡಿ ನಿಂತ ಕಲ್ಲಿನ ಹಡಗಿನಂತೆ ಕಾಣುವ ಬಿಳಿಯ ಕಟ್ಟಡವೇ ಫಾಲ್ಟ್ಸ್‌ಗ್ರಾಫೆನ್‌ಷ್ಟೈನ್. ಬವೇರಿಯದ ಲುಡ್ವಿಗ್ ದೊರೆ 1326ರ ಸುಮಾರಿಗೆ ಇಲ್ಲಿ ಗೋಪುರ ಎತ್ತಿಸಿದ್ದು ಸುಂಕಕ್ಕಾಗಿಯೇ, ಮತ್ತು ಹತ್ತೊಂಬತ್ತನೆಯ ಶತಮಾನದ ಅರವತ್ತರ ದಶಕದವರೆಗೂ ಅದು ಅದೇ ಕೆಲಸ ಮಾಡಿತು. ಐನೂರಕ್ಕೂ ಹೆಚ್ಚು ವರ್ಷ ಒಂದೇ ಉದ್ಯೋಗದಲ್ಲಿದ್ದ ಕಟ್ಟಡ ನನಗೆ ಗೊತ್ತಿರುವಂತೆ ಬೇರೆ ಹೆಚ್ಚಿಲ್ಲ. 1813ರ ಕೊನೆಯ ರಾತ್ರಿ ಪ್ರಷ್ಯದ ಸೇನಾಪತಿ ಬ್ಲೂಖರ್, ನೆಪೋಲಿಯನ್ನನನ್ನು ಬೆನ್ನಟ್ಟುತ್ತಾ, ತೇಲುಸೇತುವೆ ಹಾಕಿ ನದಿ ದಾಟಿದ್ದು ಇದೇ ದ್ವೀಪದ ಮೂಲಕ. ಬೇಸಿಗೆ ತೀರ ಒಣಗಿದ ವರ್ಷಗಳಲ್ಲಿ ಇಲ್ಲಿ ನೀರು ಎಷ್ಟು ಇಳಿಯುತ್ತದೆಂದರೆ, 2018ರ ಅಕ್ಟೋಬರ್‌ನಲ್ಲಿ ಕೌಬ್‌ನ ಮಾಪನದಲ್ಲಿ ಅದು 25 ಸೆಂಟಿಮೀಟರ್ ತೋರಿಸಿ ದಾಖಲೆಯಾಯಿತು, ಜನ ದೋಣಿಯಿಲ್ಲದೆ ಕೋಟೆಯವರೆಗೆ ನಡೆದುಹೋದರು. ಆ ಅಂಕಿ ಅಳತೆಗೋಲಿನದೇ ಹೊರತು ಹಡಗು ಸಾಗುವ ಕಾಲುವೆಯ ಆಳವಲ್ಲ. ಅಲ್ಲಿ ನೀರು ಇನ್ನೂ ಆಳವಾಗಿಯೇ ಇತ್ತು.

ಆಮೇಲೆ ಎಡಕ್ಕೆ ಓಬರ್‌ವೇಸೆಲ್ ಊರಿನ ಮೇಲಿನ ಷೋನ್‌ಬುರ್ಗ್, ಬಲಕ್ಕೆ ಲೋರೆಲೈ. ಲೋರೆಲೈ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಅದೊಂದು 132 ಮೀಟರ್ ಎತ್ತರದ ಬಂಡೆ. ನದಿ ಅಲ್ಲಿ ಕಿರಿದಾಗಿ ತಿರುಗುವುದರಿಂದ ಹಡಗುಗಳು ಒಡೆಯುತ್ತಿದ್ದವು, ಒಡೆದ ಹಡಗುಗಳಿಗೆ ಹಾಡುವ ಹೆಣ್ಣೊಬ್ಬಳನ್ನು ಕಾರಣವಾಗಿಸಿದರು. ಈಗಲೂ ಈ ತಿರುವುಗಳಲ್ಲಿ ದೊಡ್ಡ ಹಡಗುಗಳಿಗೆ ದಂಡೆಯಿಂದ ದೀಪದ ಸಂಕೇತ ಕೊಡುತ್ತಾರೆ. ಬಂಡೆ ದಾಟಿದ ಕೂಡಲೇ ಬಲಬದಿಯಲ್ಲಿ ಕಾಣುವುದು ‘ಬೆಕ್ಕು’ ಎಂದು ಕರೆಯುವ ಕಾಟ್ಸ್ ಕೋಟೆ. ಇನ್ನೂ ಸ್ವಲ್ಪ ಕೆಳಗೆ ಟ್ರಿಯರ್‌ನ ಆರ್ಚ್‌ಬಿಷಪ್ಪರ ಕೋಟೆಗೆ ಜನ ಇಟ್ಟ ಹೆಸರು ‘ಇಲಿ’. ಕಾಟ್ಸೆನೆಲ್ನ್‌ಬೋಗೆನ್ ಎಂಬ ವಂಶದ ಹೆಸರಿನ ಮೊದಲ ತುಂಡು ಬೆಕ್ಕಾಯಿತು, ಬೆಕ್ಕಿಗೆ ಎದುರಿದ್ದದ್ದು ಇಲಿಯಾಯಿತು. ಇಷ್ಟರಲ್ಲಿ ಎಡಕ್ಕೆ ತಲೆಯೆತ್ತಿ ನೋಡಿದರೆ ರೈನ್‌ಫೆಲ್ಸ್.

ರೈನ್‌ಫೆಲ್ಸ್ ಕಟ್ಟಿಸಿದವನು ಅದೇ ವಂಶದ ಐದನೆಯ ಡೀಥರ್ ಎಂಬ ಕೌಂಟ್, 1245ರಲ್ಲಿ. ಅವನು ಸುಂಕ ಏರಿಸಿದ, ರೋಸಿಹೋದ ರೈನ್ ನಗರಗಳೆಲ್ಲ ಒಕ್ಕೂಟ ಕಟ್ಟಿಕೊಂಡು 1255ರಲ್ಲಿ ಕೋಟೆಗೆ ಮುತ್ತಿಗೆ ಹಾಕಿದವು, ವರ್ಷಕ್ಕೂ ಮಿಕ್ಕಿ ಕಾದು ಬರಿಗೈಯಲ್ಲಿ ಹಿಂತಿರುಗಿದವು. 1479ರಲ್ಲಿ ವಂಶ ಅಳಿದು ಕೋಟೆ ಹೆಸ್ಸೆಯ ದೊರೆಗಳಿಗೆ ಸೇರಿತು. ಫಿರಂಗಿಯ ಕಾಲಕ್ಕೆ ತಕ್ಕಂತೆ ಅವರು ಅದನ್ನು ಹಿಗ್ಗಿಸುತ್ತಲೇ ಹೋದರು. ಸುತ್ತಲಿನ ಹಲವು ಕೋಟೆಗಳು ಉರುಳಿದ ಮೂರು ವರ್ಷಗಳ ನಂತರ, 1692ರಲ್ಲಿ, ಸುಮಾರು 28,000 ಫ್ರೆಂಚ್ ಸೈನಿಕರ ಮುತ್ತಿಗೆಯನ್ನೂ ಇದು ತಡೆದುಕೊಂಡಿತು. ಆದರೆ ನೂರು ವರ್ಷ ಕಳೆದು 1794ರಲ್ಲಿ ಕ್ರಾಂತಿಯ ಫ್ರೆಂಚ್ ಸೈನ್ಯ ಬಂದಾಗ ಒಂದು ಗುಂಡೂ ಹಾರಿಸದೆ ಬಿಟ್ಟುಕೊಟ್ಟರು. 1796 ಮತ್ತು 1797ರಲ್ಲಿ ಅದನ್ನು ಸಿಡಿಸಿದರು. ಉಳಿದ ಕಲ್ಲುಗಳಲ್ಲಿ ಎಷ್ಟೋ ಕೋಬ್ಲೆಂತ್ಸ್‌ನ ಎರೆನ್‌ಬ್ರೈಟ್‌ಷ್ಟೈನ್ ಕೋಟೆ ಕಟ್ಟಲು ಹೋದವು.

ಒಳಗೆ ಹೋದ ತಕ್ಷಣ ಗೋಡೆಗಳ ನಡುವೆ ಅಲೆದಾಡಬೇಡಿ. ಮೊದಲು ವಸ್ತುಸಂಗ್ರಹಾಲಯದಲ್ಲಿ ಕೋಟೆ ಒಡೆಯುವ ಮೊದಲಿನ ಮಾದರಿ ನೋಡಿ, ಆಮೇಲೆ ಹೊರಬನ್ನಿ. ಪಾಳುಕೋಟೆ ನೋಡುವುದಕ್ಕೆ ಒಂದು ಕ್ರಮವಿದೆ: ಗೋಡೆ ಎಲ್ಲಿ ಬಿದ್ದಿದೆ ಎಂಬುದಕ್ಕಿಂತ ನಿಂತ ಗೋಡೆಯಲ್ಲಿ ಏನು ಉಳಿದಿದೆ ಎಂದು ಹುಡುಕುವುದು. ಒಂದೇ ಎತ್ತರದಲ್ಲಿ ಸಾಲಾಗಿರುವ ಚೌಕ ತೂತುಗಳು ಕಂಡರೆ ಅಲ್ಲಿ ತೊಲೆಗಳಿದ್ದವು, ಅಂದರೆ ಅದೊಂದು ಮಹಡಿ. ನೆಲದಿಂದ ಎರಡಾಳೆತ್ತರದಲ್ಲಿ, ಯಾರೂ ತಲುಪಲಾರದ ಕಡೆ ಮಸಿ ಹಿಡಿದ ಒಲೆಯ ಗೂಡು ಕಂಡರೆ ಆ ಮಹಡಿಯಲ್ಲಿ ಚಳಿಗಾಲ ಕಳೆದವರಿದ್ದರು. ಹೊರಗೋಡೆಯಿಂದ ಚಾಚಿದ ಎರಡು ಕಲ್ಲುಗಳ ನಡುವೆ ಕೆಳಗೆ ತೆರೆದ ಜಾಗವಿದ್ದರೆ ಅದು ಶೌಚದ ಗೂಡಾಗಿರುವ ಸಾಧ್ಯತೆ ಹೆಚ್ಚು. ಮಗನಿಗೆ ಇದನ್ನು ಮೊದಲು ತೋರಿಸಿ, ಉಳಿದದ್ದನ್ನು ಅವನೇ ಕೇಳುತ್ತಾನೆ. ನೆಲದಡಿಯಲ್ಲಿ ಸುರಂಗಗಳಿವೆ. ಮುತ್ತಿಗೆ ಹಾಕುವವರ ಕಾಲಡಿಯಲ್ಲೇ ಮದ್ದು ಸಿಡಿಸಲು ತೋಡಿದ್ದವು ಅವು. ಕೆಲವು ಕಡೆ ಎಷ್ಟು ತಗ್ಗು ಎಂದರೆ ದೊಡ್ಡವರು ನಡು ಬಗ್ಗಿಸಿ ಸಾಗಬೇಕು, ಒಳಗೆ ಕಗ್ಗತ್ತಲು. ತೆರೆದಿದೆಯೇ ಎಂದು ಕೌಂಟರಿನಲ್ಲಿ ವಿಚಾರಿಸಿ. ಟಾರ್ಚ್ ಮನೆಯಿಂದಲೇ ತನ್ನಿ, ಮೊಬೈಲಿನ ಬೆಳಕು ಸಾಲದು.

ಮಾರ್ಗದರ್ಶಕರು ಹೇಳುವ ಎರಡು ಮಾತುಗಳನ್ನು ಮಾತ್ರ ಅರ್ಧ ಕಿವಿಯಿಂದ ಕೇಳಿ. ಮೇಲೆ ನಿಂತು ಕಾಯುವವನ ಬಲಗೈ ಕತ್ತಿಗೆ ಅನುಕೂಲವಾಗಲೆಂದೇ ಸುರುಳಿ ಮೆಟ್ಟಿಲುಗಳನ್ನು ಬಲಕ್ಕೆ ತಿರುಗಿಸಿದ್ದಾರೆಂಬುದು ಒಂದು. ಎಡಕ್ಕೆ ತಿರುಗುವ ಮೆಟ್ಟಿಲುಗಳೂ ಸಾಕಷ್ಟು ಸಿಗುತ್ತವೆ, ಈ ಕಥೆ ಈಚಿನದು. ಶತ್ರುಗಳ ಮೇಲೆ ಕುದಿಯುವ ಎಣ್ಣೆ ಸುರಿಯುತ್ತಿದ್ದರೆಂಬುದು ಇನ್ನೊಂದು. ದುಬಾರಿ ಎಣ್ಣೆಯನ್ನು ಹಾಗೆ ಚೆಲ್ಲುವಷ್ಟು ದುಂದುಗಾರ ಕೋಟೆಯವನು ಮುತ್ತಿಗೆಯ ಸಮಯದಲ್ಲಿ ಹೆಚ್ಚು ದಿನ ಬಾಳಲಾರ. ಕಲ್ಲು ಪುಕ್ಕಟೆ ಸಿಗುತ್ತಿತ್ತು.

ಇನ್ನು ನಿಮ್ಮ ತಂದೆಯವರ ತಕರಾರು. ಅದು ನ್ಯಾಯವಾದದ್ದೇ. ಚಿತ್ರದುರ್ಗದ ಏಳು ಸುತ್ತಿನ ಕೋಟೆ ಬೆಟ್ಟಗಳ ಒಂದು ಗುಂಪನ್ನೇ ಆವರಿಸಿಕೊಂಡಿದೆ; ಒಳಗೆ ದೇವಸ್ಥಾನಗಳು, ಉಗ್ರಾಣಗಳು, ಅಕ್ಕ ತಂಗಿಯರ ಹೊಂಡದಂಥ ನೀರಿನ ವ್ಯವಸ್ಥೆ, ಒಂದು ಊರೇ ಇತ್ತು. ಆ ಅಳತೆಯಲ್ಲಿ ನೋಡಿದರೆ ರೈನ್‌ನ ಬಹುಪಾಲು ಕೋಟೆಗಳು ನಮ್ಮ ಒಂದು ಬತೇರಿಯಷ್ಟು ಮಾತ್ರ. ಆದರೆ ಅವು ಊರನ್ನು ಕಾಯಲು ಕಟ್ಟಿದವಲ್ಲ, ಒಂದು ಮನೆತನ ವಾಸಮಾಡಲು ಮತ್ತು ಒಂದು ಸುಂಕದ ಕಟ್ಟೆಯನ್ನು ಕಾಯಲು ಕಟ್ಟಿದವು. ತಂದೆಯವರಿಗೆ ಎರಡು ಸಂಗತಿಗಳನ್ನು ಹೋಲಿಸಿ ನೋಡಲು ಹೇಳಿ. ಮೊದಲನೆಯದು ಜಾಗ: ನಮ್ಮವರು ಬೆಟ್ಟದ ನೆತ್ತಿಯನ್ನು ಹಿಡಿದರೆ ಇಲ್ಲಿಯವರು ನೆತ್ತಿಯನ್ನು ಬಿಟ್ಟು, ನದಿಯತ್ತ ಚಾಚಿದ ಗುಡ್ಡದ ಮೂಗಿನ ಮೇಲೆ ಕುಳಿತರು. ನೆತ್ತಿಯಿಂದ ನದಿ ದೂರವಾಗುತ್ತದೆ. ಅದರಿಂದಾಗಿ ಬೆನ್ನ ಹಿಂದಿನ ಗುಡ್ಡವೇ ಅಪಾಯವಾಯಿತು. ಆ ಬದಿಗೆ ಬಂಡೆಯನ್ನು ಕಡಿದು ಕಂದಕ, ಅದರ ಹಿಂದೆ ಎಲ್ಲಕ್ಕಿಂತ ದಪ್ಪ ಗೋಡೆ. ಇಂಥ ಹೆಚ್ಚಿನ ಕೋಟೆಗಳಲ್ಲಿ ದಪ್ಪ ಗೋಡೆ ನದಿಯ ಕಡೆಗಿರದೆ ಗುಡ್ಡದ ಕಡೆಗಿರುವುದು ಕಾಣುತ್ತದೆ. ಎರಡನೆಯದು ಕಲ್ಲು. ನಮ್ಮ ಕಣಶಿಲೆಯ ಹೆಬ್ಬಂಡೆ ತಾನೇ ಅರ್ಧ ಕೋಟೆ. ಇಲ್ಲಿಯದು ಪದರ ಪದರವಾಗಿ ಏಳುವ ಸ್ಲೇಟು ಕಲ್ಲು. ನಿಮ್ಮ ತಂದೆಯವರು ಒಂದನೇ ತರಗತಿಯಲ್ಲಿ ಬಳಪದಿಂದ ತಿದ್ದಿದ ಸ್ಲೇಟಿನ ಜಾತಿಯೇ ಅದು. ದಾರಿಯಲ್ಲಿ ಬಿದ್ದ ಒಂದು ಚೂರನ್ನು ಅವರ ಕೈಗೆ ಕೊಡಿ, ಕಬ್ಬಿಣದ ಮೊಳೆಯಿಂದ ಗೀರಿದರೆ ಬಿಳಿ ಗೆರೆ ಮೂಡುತ್ತದೆ. ಇಂಥ ಕಲ್ಲಿಗೆ ಗಾರೆ ಹೆಚ್ಚು ಬೇಕು, ಮೇಲೆ ಗಿಲಾವು ಬೇಕು. ಇಂದು ಬೋಳು ಕಲ್ಲಾಗಿ ಕಾಣುವ ಈ ಗೋಡೆಗಳು ಅಂದು ಸುಣ್ಣ ಬಳಿದುಕೊಂಡು ಬೆಳ್ಳಗಿದ್ದವು. ಅದೇ ಸ್ಲೇಟು ಹಗಲಿನ ಬಿಸಿಯನ್ನು ಹಿಡಿದಿಡುವುದರಿಂದ ಈ ಕಡಿದಾದ ಇಳಿಜಾರುಗಳಲ್ಲಿ ದ್ರಾಕ್ಷಿ ಬೆಳೆಯುತ್ತದೆ.

ಕಾಲದ ಒಂದು ನಂಟನ್ನೂ ಅವರಿಗೆ ಹೇಳಬಹುದು. ಹೈದರ್ ಅಲಿ ಚಿತ್ರದುರ್ಗವನ್ನು ವಶಮಾಡಿಕೊಂಡದ್ದು 1779ರಲ್ಲಿ. ರೈನ್‌ಫೆಲ್ಸ್ ಅನ್ನು ಸಿಡಿಸಿದ ಅದೇ ಫ್ರೆಂಚ್ ಗಣರಾಜ್ಯದ ನೆರವಿಗಾಗಿ ಅವನ ಮಗ ಟಿಪ್ಪು ಆ ವರ್ಷಗಳಲ್ಲೇ ಕಾಯುತ್ತಿದ್ದ. ನೆರವು ಬರಲಿಲ್ಲ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು.

ಕೆಲವು ವ್ಯವಹಾರದ ಮಾತುಗಳು. ನಿಮ್ಮಲ್ಲಿ ಜರ್ಮನಿಯ ಮಾಸಿಕ ಪಾಸು ಇದ್ದರೆ ಪ್ರಾದೇಶಿಕ ರೈಲುಗಳಿಗೆ ಅದೇ ಸಾಕು, ಆದರೆ ವೇಗದ ರೈಲುಗಳಿಗೂ ಪ್ರವಾಸಿ ಹಡಗಿಗೂ ಅದು ನಡೆಯುವುದಿಲ್ಲ. ಹಡಗುಗಳು ಮುಖ್ಯವಾಗಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಓಡುತ್ತವೆ. ಚಳಿಗಾಲದಲ್ಲಿ ಹೋಗುವುದಾದರೆ ರೈನ್‌ಫೆಲ್ಸ್ ಬಿಟ್ಟು, ವರ್ಷವಿಡೀ ತೆರೆದಿರುವ ಮಾರ್ಕ್ಸ್‌ಬುರ್ಗ್‌ಗೆ ತಂದೆ ಮತ್ತು ಮಗನನ್ನಷ್ಟೇ ಕರೆದೊಯ್ಯಿರಿ. 2029ರಲ್ಲಿ ಈ ಕಣಿವೆಯಲ್ಲಿ ರಾಷ್ಟ್ರೀಯ ಉದ್ಯಾನ ಪ್ರದರ್ಶನ ನಡೆಯಲಿರುವುದರಿಂದ ಅಲ್ಲಲ್ಲಿ ದುರಸ್ತಿ ನಡೆದಿದೆ. ಕೋಟೆಯ ಯಾವ ಭಾಗ ಮುಚ್ಚಿದೆ, ರೈಲು ಮಾರ್ಗದಲ್ಲಿ ಕೆಲಸವಿದೆಯೇ ಎಂದು ಹಿಂದಿನ ದಿನ ನೋಡಿಕೊಳ್ಳಿ. ನೀರು ಕಡಿಮೆಯಿರುವಾಗ ದಡದಿಂದ ಹಡಗುಕಟ್ಟೆಗೆ ಇಳಿಯುವ ಹಲಗೆ ಕಡಿದಾಗಿರುತ್ತದೆ, ಅಲ್ಲಿ ತಾಯಿಯವರ ಕೈ ಹಿಡಿದುಕೊಳ್ಳಿ. ಸಾಂಕ್ಟ್ ಗೋವಾರ್‌ನಿಂದ ಕೋಟೆಗೆ ನಡೆದರೆ ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚಿನ ಕಡಿದಾದ ಏರು. ಅವರಿಗಾಗಿ ಟ್ಯಾಕ್ಸಿ ಹಿಡಿಯಿರಿ, ಜುಗ್ಗತನ ಬೇಡ.

ಸಸ್ಯಾಹಾರಿಗಳಾದರೆ ಬುತ್ತಿ ಕಟ್ಟಿಕೊಳ್ಳುವುದು ಕ್ಷೇಮ, ಅದರಲ್ಲೂ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಹೋಟೆಲಿನಲ್ಲಿ ಆಲೂಗಡ್ಡೆ ಸೂಪ್ ಎಂದರೆ ನಂಬಬೇಡಿ, ಮಾಂಸದ ತುಂಡುಗಳಿರಬಹುದು. ಫ್ಲಾಮ್‌ಕೂಖನ್ ಎಂಬ ತೆಳುರೊಟ್ಟಿಯನ್ನು ‘ಷ್ಪೆಕ್ (ಹಂದಿಮಾಂಸದ ಚೂರು) ಬೇಡ’ ಎಂದು ಹೇಳಿಯೇ ತರಿಸಬೇಕು. ಆಲೂಗಡ್ಡೆ ತುರಿದು ಕರಿದ ಕಾರ್ಟೋಫೆಲ್‌ಪುಫರ್, ಜೊತೆಗೆ ಸೇಬಿನ ಗೊಜ್ಜು, ಇದು ಹಿರಿಯರಿಗೆ ಹಿಡಿಸುತ್ತದೆ. ಪುಳಿಯೋಗರೆಯನ್ನು ರೈನ್‌ಫೆಲ್ಸ್‌ನ ಹುಲ್ಲಿನ ಮೇಲೆ ಕುಳಿತು ತಿಂದರೆ ಯಾರೂ ಏನೂ ಅನ್ನುವುದಿಲ್ಲ. ನಾವು ಹಲವು ಸಲ ತಿಂದಿದ್ದೇವೆ.

ಮರಳುವಾಗ ಸಾಂಕ್ಟ್ ಗೋವಾರ್‌ನ ನಿಲ್ದಾಣದಿಂದಲೇ, ಎಡದಂಡೆಯಲ್ಲೇ ರೈಲು ಹಿಡಿಯಿರಿ. ಬಲದಂಡೆಯ ರೈಲು ನೇರ ಫ್ರಾಂಕ್‌ಫರ್ಟ್‌ಗೆ ಹೋಗುತ್ತದೆಂಬ ಆಸೆಗೆ ಎದುರು ದಂಡೆಗೆ ದಾಟಲು ಹೊರಟರೆ ದೋಣಿಗಾಗಿ ಕಾಯಬೇಕು. ಮೈಂತ್ಸ್‌ನಿಂದ ಕೋಬ್ಲೆಂತ್ಸ್‌ವರೆಗೆ ಈ ನದಿಗೆ ಒಂದೂ ರಸ್ತೆ ಸೇತುವೆಯಿಲ್ಲ. ನಾನೊಮ್ಮೆ ಹಾಗೆ ಹೊರಟು, ದೋಣಿ ಈ ದಡ ಬಿಟ್ಟ ಮೇಲೆ ಆ ದಡದಲ್ಲಿ ನನ್ನ ರೈಲು ಹೊರಡುವುದನ್ನು ನಡುನೀರಿನಿಂದಲೇ ನೋಡಿದ್ದೇನೆ. ಈ ಸಲ ಕಿಟಕಿ ಎಡಬದಿಯದು.